ಇಡುಗಂಟಾಗಿ ಬಂದ ಹಣ: ಯುರೋಪಿನ ಪ್ರವಾಸ ಏಜೆಂಟರು ಮತ್ತು ಪ್ರಯಾಣಿಕನ ಹಕ್ಕು

ಅಂಗಡಿಯಲ್ಲಿ ಅಕ್ಕಿಯನ್ನೋ ಬಟ್ಟೆಯನ್ನೋ ಕೊಳ್ಳುವವನು ಹಣ ಕೊಟ್ಟ ಕ್ಷಣದಲ್ಲಿಯೇ ಸರಕನ್ನು ಕೈಗೆ ಪಡೆಯುತ್ತಾನೆ. ತೂಕ ತಪ್ಪಿದ್ದರೆ ಅಲ್ಲಿಯೇ ನಿಂತು ಕೇಳಬಲ್ಲನು. ಪ್ರಯಾಣವನ್ನು ಕೊಳ್ಳುವವನ ಸ್ಥಿತಿ ಹಾಗಲ್ಲ. ಅವನು ಹಣವನ್ನು ಇಂದು ಕೊಡುತ್ತಾನೆ. ಅದರ ಫಲವನ್ನು ನಾಲ್ಕಾರು ತಿಂಗಳ ಅನಂತರ, ಪರಿಚಯವಿಲ್ಲದ ಊರಿನಲ್ಲಿ, ಭಾಷೆ ಬಾರದ ಜನರ ನಡುವೆ ಪಡೆಯಬೇಕು. ಈ ನಡುವಿನ ಅವಧಿಯಲ್ಲಿ ಅವನ ಕೈಯಲ್ಲಿರುವುದು ಒಂದು ಚೀಟಿ ಮತ್ತು ಏಜೆಂಟನ ಮಾತು, ಇವೆರಡೇ.

ಇಂತಹ ಹಣಕ್ಕೆ ನಮ್ಮ ಆಚಾರ್ಯರು ಒಂದು ಹೆಸರನ್ನು ಬಹಳ ಹಿಂದೆಯೇ ಇಟ್ಟಿದ್ದಾರೆ. ಅದು ನ್ಯಾಸ, ಅಂದರೆ ನಂಬಿ ಇಟ್ಟ ಇಡುಗಂಟು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳ ಅತಿಚಾರಗಳನ್ನು ಹೇಳುವಾಗ ನ್ಯಾಸಾಪಹಾರವನ್ನು ಎಣಿಸಲಾಗಿದೆ. ಅದನ್ನು ಅಚೌರ್ಯವ್ರತದ ಕೆಳಗೆ ಇರಿಸದೆ ಸತ್ಯಾಣುವ್ರತದ ಕೆಳಗೆ ಇರಿಸಿರುವುದು ವಿಚಾರಾರ್ಹವಾದ ಸಂಗತಿ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಡುವ ವಿವರಣೆ ಇನ್ನೂ ಸೂಕ್ಷ್ಮವಾದುದು. ಇಟ್ಟವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳುತ್ತಾನೆ; ಇಟ್ಟುಕೊಂಡವನು ಹೌದು, ಅಷ್ಟೇ ಎಂದು ಒಪ್ಪಿಬಿಡುತ್ತಾನೆ. ಬೀಗ ಒಡೆದದ್ದಿಲ್ಲ, ಬಲಾತ್ಕಾರವಿಲ್ಲ. ಒಂದು ‘ಹೌದು’ ಸಾಕು, ಅತಿಚಾರವಾಗುತ್ತದೆ. ಪ್ರಯಾಣಿಕನ ಮುಂಗಡವು ಏಜೆಂಟನ ಗಳಿಕೆಯೋ ಅಥವಾ ಅವನ ಬಳಿ ಇರುವ ಇಡುಗಂಟೋ ಎಂಬ ಪ್ರಶ್ನೆಯನ್ನು ಯುರೋಪಿನ ಸಮಾಜ ಬಗೆಹರಿಸಿಕೊಳ್ಳಲು ಒಂದೂವರೆ ಶತಮಾನ ಹಿಡಿಯಿತು. ಇಂದಿಗೂ ಅದು ಪೂರ್ತಿಯಾಗಿ ಬಗೆಹರಿದಿಲ್ಲ.

ಈ ಚರಿತ್ರೆಯ ಆರಂಭದಲ್ಲಿ ನಿಲ್ಲುವವನು ಧರ್ಮಭೀರುವಾದ ಒಬ್ಬ ಮರಗೆಲಸಗಾರ. ಇಂಗ್ಲೆಂಡಿನ ಡರ್ಬಿಷೈರಿನಲ್ಲಿ 1808ರಲ್ಲಿ ಹುಟ್ಟಿದ ಥಾಮಸ್ ಕುಕ್ ಬ್ಯಾಪ್ಟಿಸ್ಟ್ ಪಂಥದ ಪ್ರಚಾರಕನಾಗಿದ್ದನು. ಪಾನನಿಷೇಧ ಚಳವಳಿಯಲ್ಲಿ ದುಡಿಯುತ್ತಿದ್ದನು. 1841ರ ಜುಲೈ 5ರಂದು ಲೆಸ್ಟರ್ ನಗರದಿಂದ ಲಫ್‌ಬರೋ ಎಂಬ ಊರಿನ ಪಾನವಿರೋಧಿ ಸಭೆಗೆ ಸುಮಾರು 500 ಜನರನ್ನು ಆತ ರೈಲಿನಲ್ಲಿ ಕರೆದೊಯ್ದನು. ದೂರ ಸುಮಾರು 11 ಮೈಲಿ. ತಲೆಗೆ ಒಂದು ಷಿಲ್ಲಿಂಗ್. ಹೆಂಡದಂಗಡಿಯ ಬದಲು ಜನರಿಗೆ ಒಂದು ನಿರ್ಮಲವಾದ ಸಂತೋಷವನ್ನು ಒದಗಿಸುವುದು ಅವನ ಉದ್ದೇಶವಾಗಿತ್ತು. ಲಾಭಕ್ಕಾಗಿ ಆತ ಪ್ರವಾಸ ಏರ್ಪಡಿಸಿದ್ದು 1845ರಲ್ಲಿ, ಲಿವರ್‌ಪೂಲ್ ನಗರಕ್ಕೆ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಸುಮಾರು ಒಂದೂವರೆ ಲಕ್ಷ ಜನ ಅವನ ಏರ್ಪಾಡಿನಲ್ಲಿ ಬಂದುಹೋದರು. 1855ರಲ್ಲಿ ಆತ ಯುರೋಪ್ ಖಂಡಕ್ಕೇ ತಂಡವನ್ನು ಕರೆದೊಯ್ದನು.

ಆ ಕಾಲದ ಪ್ರವಾಸಗಳಲ್ಲಿ ಕುಕ್ ಬಹುಮಟ್ಟಿಗೆ ತಾನೇ ಜೊತೆಯಲ್ಲಿ ಹೋಗುತ್ತಿದ್ದನು. ರೈಲು ತಪ್ಪಿದರೆ ಬೈಗುಳ ಕೇಳಬೇಕಾದವನು ಎದುರಿನಲ್ಲಿಯೇ ಇರುತ್ತಿದ್ದನು. ಇದು ಹಳೆಯ ಸಾರ್ಥವಾಹನ ರೀತಿ. ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥಾದಲ್ಲಿ ಚಂಪಾನಗರದಿಂದ ಅಹಿಚ್ಛತ್ರಕ್ಕೆ ಹೊರಟ ಧನ್ಯ ಸಾರ್ಥವಾಹನ ಕಥೆಯಿದೆ. ಕೊಡೆಯಿಲ್ಲದವನಿಗೆ ಕೊಡೆ, ಪಾದರಕ್ಷೆಯಿಲ್ಲದವನಿಗೆ ಪಾದರಕ್ಷೆ, ಬುತ್ತಿಯಿಲ್ಲದವನಿಗೆ ಬುತ್ತಿ ತನ್ನದೆಂದು ಸಾರಿ ಆತ ಜನರನ್ನು ಕೂಡಿಸಿಕೊಳ್ಳುತ್ತಾನೆ. ದಾರಿಯಲ್ಲಿ ನಂದೀಫಲವೆಂಬ ಮರಗಳಿವೆ, ನೋಟಕ್ಕೆ ಚೆಲುವಾದರೂ ಹಣ್ಣು ಪ್ರಾಣಾಪಾಯಕರ ಎಂದು ಮುಂಚಿತವಾಗಿಯೇ ಎಚ್ಚರಿಸುತ್ತಾನೆ. ಕಥೆಯ ಆಧ್ಯಾತ್ಮಿಕ ತಾತ್ಪರ್ಯ ಬೇರೆಯೇ ಇದೆ. ಆದರೂ ಕರೆದೊಯ್ಯುವವನಿಗೆ ಒದಗಿಸುವ ಹೊಣೆಯಂತೆ ತಿಳಿಸುವ ಹೊಣೆಯೂ ಇದೆಯೆಂಬುದು ಅಲ್ಲಿ ಸ್ಪಷ್ಟವಾಗಿದೆ.

ಕುಕ್‌ನ ವ್ಯವಹಾರದ ಸ್ವರೂಪವನ್ನು ಬದಲಿಸಿದ್ದು 1868ರ ಹೋಟೆಲ್ ಕೂಪನ್. ಪ್ರವಾಸಿಯು ಲಂಡನ್ನಿನಲ್ಲಿಯೇ ಹಣವನ್ನು ತುಂಬಿ ಕೂಪನ್‌ಗಳನ್ನು ಪಡೆಯುವನು. ದೂರದ ಹೋಟೆಲಿನಲ್ಲಿ ಹಣದ ಬದಲು ಅದನ್ನು ಕೊಡುವನು. ಹೋಟೆಲಿನವನು ಅನಂತರ ಕುಕ್‌ನಿಂದ ಹಣವನ್ನು ಪಡೆದುಕೊಳ್ಳುವನು. ಪ್ರವಾಸಿಗೆ ಇದರಿಂದ ಬಹಳ ಅನುಕೂಲವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೊಟ್ಟವನ ಕೈಯಿಂದ ಹೊರಟ ಹಣ ಸಲ್ಲಬೇಕಾದವನನ್ನು ತಲುಪುವ ಮುನ್ನ ಮೂರನೆಯವನ ಪೆಟ್ಟಿಗೆಯಲ್ಲಿ ತಂಗತೊಡಗಿತು. ಆ ಪೆಟ್ಟಿಗೆ ಗಟ್ಟಿಯಾಗಿರುವವರೆಗೆ ಯಾರಿಗೂ ಚಿಂತೆಯಿರಲಿಲ್ಲ. ತಂದೆಗೆ ವ್ಯಾಪಾರವೂ ಧರ್ಮಕಾರ್ಯವೂ ಒಂದೇ ಆಗಿದ್ದರೆ, ಮಗ ಜಾನ್ ಮೇಸನ್ ಕುಕ್‌ನಿಗೆ ವ್ಯಾಪಾರವು ವ್ಯಾಪಾರವೇ ಆಗಿತ್ತು. 1870ರ ದಶಕದ ಕೊನೆಗೆ ತಂದೆ ಹಿಂದೆ ಸರಿದನು. ಸಂಸ್ಥೆಯು 1881ರಲ್ಲಿ ಮುಂಬಯಿಯಲ್ಲಿಯೂ ಕಚೇರಿ ತೆರೆಯಿತು. ಮುಂಬಯಿಯಿಂದ ಜೆಡ್ಡಾಕ್ಕೆ ಹೋಗುವ ಹಜ್ ಯಾತ್ರಿಕರ ವ್ಯವಸ್ಥೆಯನ್ನು ಅಂದಿನ ಬ್ರಿಟಿಷ್ ಭಾರತ ಸರ್ಕಾರ 1886ರಲ್ಲಿ ಅದಕ್ಕೇ ವಹಿಸಿ ಕೆಲವು ವರ್ಷ ನಡೆಸಿತು.

ಎರಡನೆಯ ಮಹಾಯುದ್ಧದ ಅನಂತರ ಪ್ರವಾಸವು ಸಾಮಾನ್ಯ ಜನರ ಕೈಗೆಟುಕುವಂತಾಯಿತು. 1950ರ ಮೇ ತಿಂಗಳಲ್ಲಿ ವ್ಲಾಡಿಮಿರ್ ರೈಟ್ಸ್ ಎಂಬವರು ಲಂಡನ್ನಿನಿಂದ ಕೋರ್ಸಿಕಾ ದ್ವೀಪಕ್ಕೆ ವಿಮಾನ, ವಸತಿ, ಊಟ ಎಲ್ಲವನ್ನೂ ಸೇರಿಸಿ ಒಂದೇ ಬೆಲೆಗೆ ಪ್ರವಾಸವನ್ನು ಮಾರಿದರು. ಪ್ಯಾಕೇಜ್ ಪ್ರವಾಸವೆಂದು ಇಂದು ಕರೆಯುವ ಪದ್ಧತಿ ವಿಮಾನಯಾನದಲ್ಲಿ ಬೆಳೆದದ್ದು ಇಲ್ಲಿಂದ. ಇಪ್ಪತ್ತು ವರ್ಷಗಳಲ್ಲಿ ಪೈಪೋಟಿ ಎಷ್ಟು ಕಠಿನವಾಯಿತೆಂದರೆ, ಬರುವ ಬೇಸಿಗೆಯ ಪ್ರವಾಸಿಗಳ ಮುಂಗಡದಿಂದ ಹೋದ ಬೇಸಿಗೆಯ ಬಾಕಿಯನ್ನು ತೀರಿಸುವ ಸಂಸ್ಥೆಗಳು ಹುಟ್ಟಿಕೊಂಡವು. ಒಬ್ಬನ ಇಡುಗಂಟಿನಿಂದ ಮತ್ತೊಬ್ಬನ ಸಾಲ ತೀರಿಸುವ ಈ ಪದ್ಧತಿ, ಹೊಸ ಗಿರಾಕಿ ಬರುತ್ತಿರುವವರೆಗೆ ಮಾತ್ರ ನಿಲ್ಲುವಂತಹುದು.

1974ರ ಆಗಸ್ಟ್ 15ರಂದು ಬ್ರಿಟನ್ನಿನ ಕೋರ್ಟ್ ಲೈನ್ ಎಂಬ ದೊಡ್ಡ ಸಮೂಹ ಕುಸಿದುಬಿತ್ತು. ವಿಮಾನಗಳು ಅದರವೇ, ಅಗ್ಗದ ಪ್ರವಾಸಕ್ಕೆ ಹೆಸರಾದ ಕ್ಲಾರ್ಕ್‌ಸನ್ಸ್ ಸಂಸ್ಥೆಯೂ ಅದರದೇ. ಹತ್ತಾರು ಸಾವಿರ ಜನ ಹೊರದೇಶಗಳಲ್ಲಿ ಸಿಲುಕಿದರು. ಅವರನ್ನು ಹಿಂದಕ್ಕೆ ಕರೆತರಲು ಪ್ರವಾಸ ಸಂಸ್ಥೆಗಳ ಕೂಟವು ಮೊದಲೇ ಕಟ್ಟಿಸಿಕೊಂಡಿದ್ದ ಜಾಮೀನು ಹಣ ಒದಗಿಬಂದಿತು. ಹಣ ಕಟ್ಟಿ ಇನ್ನೂ ಹೊರಡದಿದ್ದವರಿಗೆ ಅದು ಸಾಲದಾಯಿತು. ಎರಡು ತಿಂಗಳ ಹಿಂದಷ್ಟೇ, ಆ ಬೇಸಿಗೆಯ ಪ್ರವಾಸಗಳಿಗೆ ಅಪಾಯವಿಲ್ಲವೆಂಬ ಅರ್ಥ ಬರುವಂತೆ ಕೈಗಾರಿಕಾ ಮಂತ್ರಿ ಟೋನಿ ಬೆನ್ ಸಂಸತ್ತಿನಲ್ಲಿ ಮಾತನಾಡಿದ್ದರು. ಆ ಮಾತು ಜನರನ್ನು ತಪ್ಪುದಾರಿಗೆ ಎಳೆಯಿತೆಂದು ಸಂಸತ್ತಿನ ದೂರು ವಿಚಾರಣಾಧಿಕಾರಿ 1975ರಲ್ಲಿ ವರದಿ ಮಾಡಿದರು. ಸರ್ಕಾರ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಕಾನೂನು ಮಾಡಿ ಒಂದು ನಿಧಿಯನ್ನು ಸ್ಥಾಪಿಸಲಾಯಿತು. ನಿಧಿಗೆ ಹಣ ಬಂದದ್ದು ಮುಂದಿನ ವರ್ಷಗಳ ಪ್ರವಾಸಗಳ ಮೇಲೆ ಹಾಕಿದ ಸುಂಕದಿಂದ. ಅಂದರೆ ಕೆಟ್ಟ ವರ್ತಕನಿಂದ ಆದ ನಷ್ಟವನ್ನು ಒಳ್ಳೆಯ ವರ್ತಕನ ಗಿರಾಕಿಗಳು ತುಂಬಿಕೊಟ್ಟರು.

ಹಣ ಮುಳುಗುವುದು ಒಂದು ಬಗೆಯ ಅನ್ಯಾಯ. ಹೇಳಿದ್ದೊಂದು ಕೊಟ್ಟದ್ದೊಂದು ಆಗುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಇಂಗ್ಲೆಂಡಿನ ಒಂದು ಮೊಕದ್ದಮೆ ಹೆಸರುವಾಸಿಯಾಗಿದೆ. ಪುರಸಭೆಯೊಂದರ ನೌಕರಿಯಲ್ಲಿದ್ದ ಒಬ್ಬ ವಕೀಲನಿಗೆ ವರ್ಷಕ್ಕೆ ಎರಡು ವಾರ ರಜೆ. 1969ರ ಕ್ರಿಸ್ಮಸ್ ಸಮಯದಲ್ಲಿ ಆತ ಪ್ರಚಾರ ಪುಸ್ತಿಕೆಯೊಂದನ್ನು ನಂಬಿ, 63 ಪೌಂಡುಗಳಿಗೂ ಸ್ವಲ್ಪ ಹೆಚ್ಚು ಹಣವನ್ನು ಕೊಟ್ಟು ಸ್ವಿಟ್ಜರ್ಲೆಂಡಿನ ಮೋರ್ಲಿಯಾಲ್ಪ್ ಎಂಬ ಬೆಟ್ಟದ ಊರಿಗೆ ಹೋದನು. ಹೋಟೆಲಿನಲ್ಲಿ ಅತಿಥಿಗಳ ಸಂತೋಷಕೂಟ ನಡೆಯುವುದೆಂದೂ, ಯಜಮಾನನಿಗೆ ಇಂಗ್ಲಿಷ್ ಬರುವುದೆಂದೂ, ಒಂದು ಸಂಜೆ ಬೆಟ್ಟದ ಹಾಡುಗಾರ ಬಂದು ಹಾಡುವನೆಂದೂ, ಮಧ್ಯಾಹ್ನದ ಚಹಾದೊಂದಿಗೆ ತಿನಿಸು ಉಂಟೆಂದೂ ಪುಸ್ತಿಕೆಯಲ್ಲಿ ಅಚ್ಚಾಗಿತ್ತು. ಮೊದಲ ವಾರ ಹದಿಮೂರು ಅತಿಥಿಗಳಿದ್ದರು. ಎರಡನೆಯ ವಾರ ಈತನೊಬ್ಬನೇ! ಯಜಮಾನನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತಿನಿಸೆಂದರೆ ಒಣಗಿದ ಚಿಕ್ಕ ಕೇಕು ಮತ್ತು ಆಲೂಗಡ್ಡೆಯ ಚಿಪ್ಸು. ಹಾಡುಗಾರ ಕೆಲಸದಿಂದ ನೇರವಾಗಿ ಅದೇ ಬಟ್ಟೆಯಲ್ಲಿ ಬಂದು, ನಾಲ್ಕೈದು ಹಾಡುಗಳನ್ನು ಬೇಗ ಬೇಗ ಹಾಡಿ ಹೊರಟುಹೋದನು.

ಕೆಳಗಿನ ನ್ಯಾಯಾಲಯವು ಕೊಟ್ಟ ಬೆಲೆಯ ಅರ್ಧವನ್ನು ಮಾತ್ರ ಹಿಂದಿರುಗಿಸಲು ಹೇಳಿತು. 1972ರ ಅಕ್ಟೋಬರಿನಲ್ಲಿ ಲಾರ್ಡ್ ಡೆನ್ನಿಂಗ್ ಮತ್ತು ಸಂಗಡಿಗ ನ್ಯಾಯಮೂರ್ತಿಗಳು ಪರಿಹಾರವನ್ನು 125 ಪೌಂಡುಗಳಿಗೆ ಏರಿಸಿದರು. ಅದು ಆತ ಕೊಟ್ಟ ಹಣದ ಸುಮಾರು ಎರಡರಷ್ಟು. ಮನಸ್ಸಿನ ನಿರಾಶೆಗೆ ಹಣದ ಪರಿಹಾರವಿಲ್ಲವೆಂಬುದು ಹಳೆಯ ನಿಯಮವಾಗಿತ್ತು. ಸಂತೋಷವನ್ನೇ ಸರಕೆಂದು ಮಾರಿದವನು ಆ ಸರಕು ಇಲ್ಲವಾದಾಗ ಅದರ ಬೆಲೆ ತೆರಬೇಕೆಂಬುದು ಹೊಸ ತೀರ್ಪಿನ ಭಾವ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದೊಂದಿದೆ. ಅಸಲಿನ ಜಾಗದಲ್ಲಿ ನಕಲಿಯನ್ನು ಮಾರುವುದು ಅದರ ಅರ್ಥ. ಬಣ್ಣದ ಪುಸ್ತಿಕೆಯ ಹೋಟೆಲು ಅಂತಹ ನಕಲಿ ಚಿನ್ನವೇ ಸರಿ.

ಒಂದೊಂದು ದೇಶವೂ ತನ್ನ ದಾರಿಯಲ್ಲಿ ನಡೆಯುತ್ತಿದ್ದಾಗ ಅಂದಿನ ಹನ್ನೆರಡು ರಾಷ್ಟ್ರಗಳ ಯುರೋಪಿಯನ್ ಸಮುದಾಯವು 1990ರ ಜೂನ್ 13ರಂದು ಪ್ಯಾಕೇಜ್ ಪ್ರವಾಸಗಳ ಬಗೆಗೆ ಒಂದು ನಿರ್ದೇಶನವನ್ನು ಹೊರಡಿಸಿತು. ಪುಸ್ತಿಕೆಯಲ್ಲಿ ಬರೆದ ವಿವರ ಸಂಘಟಕನನ್ನು ಕಟ್ಟಿಹಾಕುತ್ತದೆ. ಹೊರಡುವ ಮುನ್ನಿನ 20 ದಿನಗಳಲ್ಲಿ ಬೆಲೆ ಏರಿಸುವಂತಿಲ್ಲ. ಹೋಟೆಲಿನವನೋ ಬಸ್ಸಿನವನೋ ತಪ್ಪಿದರೂ ಪ್ರವಾಸಿಗೆ ಉತ್ತರ ಹೇಳಬೇಕಾದವನು ಪ್ರವಾಸವನ್ನು ಮಾರಿದವನೇ. ಇವೆಲ್ಲಕ್ಕಿಂತ ಮುಖ್ಯವಾದುದು ಏಳನೆಯ ವಿಧಿ. ಸಂಘಟಕ ದಿವಾಳಿಯಾದರೆ ಪ್ರವಾಸಿಯ ಹಣ ಹಿಂದಿರುಗಲು ಮತ್ತು ಅವನು ಊರಿಗೆ ಮರಳಲು ಬೇಕಾದ ಭದ್ರತೆ ಮೊದಲೇ ಇರತಕ್ಕದ್ದು ಎಂದು ಅದು ವಿಧಿಸಿತು. ಮುಂಗಡ ಇಡುಗಂಟೇ ಹೊರತು ಗಳಿಕೆಯಲ್ಲ ಎಂಬುದನ್ನು ಯುರೋಪಿನ ಕಾನೂನು ಒಪ್ಪಿಕೊಂಡ ದಿನ ಅದು. ಸದಸ್ಯ ರಾಷ್ಟ್ರಗಳು ಇದನ್ನು ತಮ್ಮ ಕಾನೂನಿಗೆ ಸೇರಿಸಿಕೊಳ್ಳಲು 1992ರ ಡಿಸೆಂಬರ್ 31 ಕೊನೆಯ ದಿನ.

ಜರ್ಮನಿ ಆ ದಿನವನ್ನು ಮೀರಿತು. 1993ರ ಬೇಸಿಗೆಯಲ್ಲಿ ಅಲ್ಲಿನ ಎರಡು ಪ್ರವಾಸ ಸಂಸ್ಥೆಗಳು ದಿವಾಳಿಯಾದವು. ಹಣ ಕಟ್ಟಿದವರಲ್ಲಿ ಕೆಲವರು ಹೊರಡಲೇ ಇಲ್ಲ. ಹೋದವರು ತಮ್ಮ ಖರ್ಚಿನಲ್ಲಿಯೇ ಮರಳಿ ಬಂದರು. ಸಂಸ್ಥೆಯ ಬಳಿ ಕೇಳಲು ಏನೂ ಉಳಿದಿರಲಿಲ್ಲ. ಆಗ ಅವರು ಮೊಕದ್ದಮೆ ಹೂಡಿದ್ದು ತಮ್ಮ ಸರ್ಕಾರದ ಮೇಲೆ. ಕಾನೂನು ಸಕಾಲದಲ್ಲಿ ಬಂದಿದ್ದರೆ ನಮ್ಮ ಹಣ ಉಳಿಯುತ್ತಿತ್ತು, ಆದುದರಿಂದ ನಷ್ಟವನ್ನು ಸರ್ಕಾರ ತುಂಬಲಿ ಎಂಬುದು ಅವರ ವಾದ. ಏಜೆಂಟರಿಗೂ ವಿಮಾ ಕಂಪನಿಗಳಿಗೂ ಹೊಸ ವ್ಯವಸ್ಥೆ ಮಾಡಿಕೊಳ್ಳಲು ಕಾಲಾವಕಾಶ ಸಾಲದೆಂದು ಸರ್ಕಾರ ಹೇಳಿತು. ಲಕ್ಸೆಂಬರ್ಗಿನಲ್ಲಿರುವ ಯುರೋಪಿಯನ್ ನ್ಯಾಯಾಲಯವು 1996ರ ಅಕ್ಟೋಬರ್ 8ರಂದು ತೀರ್ಪು ಕೊಟ್ಟಿತು. ಕಾಲಾವಕಾಶ ಸಾಲದಿದ್ದರೆ ಮೊದಲೇ ಕೇಳಬೇಕಾಗಿತ್ತು. ಗಡುವಿನೊಳಗೆ ಏನನ್ನೂ ಮಾಡದೆ ಕುಳಿತದ್ದೇ ಗಂಭೀರವಾದ ಲೋಪ. ಪ್ರವಾಸಿಗಳ ನಷ್ಟಕ್ಕೆ ರಾಷ್ಟ್ರವೇ ಹೊಣೆ. ಬೆಲೆಯ ಶೇಕಡಾ 10ರಷ್ಟು ಮುಂಗಡವನ್ನು ಭದ್ರತೆಯಿಲ್ಲದೆ ಬಿಡಬಹುದೆಂಬ ವಾದವನ್ನೂ ನ್ಯಾಯಾಲಯ ಒಪ್ಪಲಿಲ್ಲ. ಅಷ್ಟರಲ್ಲಿ, 1994ರಲ್ಲಿಯೇ, ಜರ್ಮನಿಯಲ್ಲಿ ಕಾನೂನು ಬಂದಿತ್ತು. ಅಲ್ಲಿಂದ ಮುಂದೆ ಹಣ ಕೇಳುವ ಮುನ್ನ ಏಜೆಂಟನು ಭದ್ರತೆಯ ಪತ್ರವನ್ನು ಪ್ರವಾಸಿಯ ಕೈಗೆ ಕೊಡಬೇಕಾಯಿತು.

ಇದಕ್ಕಿಂತಲೂ ವಿಚಿತ್ರವಾದ ಪ್ರಸಂಗವೊಂದು ಗ್ರೀಸಿನ ಕ್ರೀಟ್ ದ್ವೀಪದಲ್ಲಿ ನಡೆಯಿತು. ಆಸ್ಟ್ರಿಯಾದ ದಂಪತಿಗಳು ಪೂರ್ತಿ ಹಣವನ್ನು ಮೊದಲೇ ಕಟ್ಟಿ ಅಲ್ಲಿಗೆ ಹೋಗಿದ್ದರು. ಅವರು ಅಲ್ಲಿರುವಾಗಲೇ ಸಂಘಟಕ ಸಂಸ್ಥೆ ದಿವಾಳಿಯಾಯಿತು. ತನಗೆ ಬರಬೇಕಾದ ಹಣ ಬಾರದೆಂದು ತಿಳಿದ ಹೋಟೆಲಿನ ಯಜಮಾನನು ಅವರು ಹೊರಡುವ ದಿನ ಬಾಗಿಲಲ್ಲಿ ಬಲವಂತವಾಗಿ ತಡೆದು, ಇಡೀ ವಾಸದ ಹಣವನ್ನು ಮತ್ತೊಮ್ಮೆ ವಸೂಲು ಮಾಡಿದನು. ವಾಸವೂ ಮುಗಿದಿದೆ, ಪ್ರಯಾಣವೂ ಆಗಿದೆ, ಆದ್ದರಿಂದ ಇದು ಭದ್ರತೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ವಿಮಾ ಸಂಸ್ಥೆ ಜಾರಿಕೊಳ್ಳಲು ನೋಡಿತು. 1998ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ದಂಪತಿಗಳ ಪರವಾಗಿ ನಿಂತಿತು. ಎರಡು ಸಲ ತೆತ್ತವನಿಗೆ ಒಂದು ಸಲದ್ದು ಹಿಂದಕ್ಕೆ ಬರಲೇಬೇಕು. ಹೋಟೆಲಿನವನ ಬಲಾತ್ಕಾರವನ್ನು ಒಪ್ಪುವಂತಿಲ್ಲವಾದರೂ, ಅವನೂ ಅದೇ ಏಜೆಂಟನನ್ನು ನಂಬಿ ಮೋಸಹೋದವನೆಂಬುದನ್ನು ಮರೆಯಲಾಗದು.

ತಾನು ಕೇವಲ ನಡುವಿನವನು, ಚೀಟಿ ಬರೆದು ಕೊಡುವುದಷ್ಟೇ ತನ್ನ ಕೆಲಸ ಎಂಬುದು ಏಜೆಂಟನ ಹಳೆಯ ಸಮಾಧಾನ. ಇದಕ್ಕೆ ಉತ್ತರ ದೊರೆತದ್ದು ಪೋರ್ಚುಗಲ್ಲಿನ ಒಂದು ವ್ಯಾಜ್ಯದಲ್ಲಿ. ಒಬ್ಬ ಗಿರಾಕಿಯು ತನಗೆ ಬೇಕಾದುದನ್ನು ಹೇಳಿ, ಏಜೆಂಟನಿಂದ ವಿಮಾನವನ್ನೂ ಗ್ರೀಸಿನ ವಿಹಾರಧಾಮವೊಂದರಲ್ಲಿ ಎರಡು ವಾರಗಳ ವಾಸವನ್ನೂ ಜೋಡಿಸಿಕೊಂಡನು. ಹೋಗಿ ನೋಡಿದರೆ ಅಲ್ಲಿ ಸಾವಿರಾರು ಕಡಜದ ಹುಳುಗಳು! ದೂರು ಕೊಟ್ಟರೂ ಬೇರೆ ವಸತಿ ಸಿಗಲಿಲ್ಲ. ಮರಳಿದ ಮೇಲೆ ಆತ ಹಣ ಕೊಡಲು ನಿರಾಕರಿಸಿದನು. ಏಜೆಂಟ್ ನ್ಯಾಯಾಲಯಕ್ಕೆ ಹೋದನು. (ಕಡಜಗಳಿಗೆ ಅದು ಸ್ವಂತ ಮನೆಯೇ ಆಗಿತ್ತೆಂಬುದು ಬೇರೆ ಮಾತು.) ಗಿರಾಕಿಯ ಇಚ್ಛೆಯಂತೆ ಬಿಡಿ ಬಿಡಿ ಸೇವೆಗಳನ್ನು ಕೂಡಿಸಿ ಒಂದೇ ಬೆಲೆಗೆ ಕೊಟ್ಟರೂ ಅದು ಪ್ಯಾಕೇಜ್ ಪ್ರವಾಸವೇ ಎಂದು 2002ರ ಏಪ್ರಿಲ್ 30ರ ತೀರ್ಪು ಸಾರಿತು. ಕೂಡಿಸಿದವನೇ ಹೊಣೆಗಾರ. ಅದೇ ವರ್ಷದ ಮಾರ್ಚಿನಲ್ಲಿ, ವಿಹಾರಧಾಮದ ಆಹಾರದಿಂದ ಕಾಯಿಲೆ ಬಿದ್ದ ಹತ್ತು ವರ್ಷದ ಬಾಲಕಿಯ ಪ್ರಕರಣದಲ್ಲಿ, ರಜೆಯ ಸಂತೋಷ ಕಳೆದುಹೋದದ್ದಕ್ಕೂ ಪರಿಹಾರವುಂಟೆಂದು ತೀರ್ಮಾನವಾಯಿತು. ಇಂಗ್ಲೆಂಡಿನ ಹಳೆಯ ತೀರ್ಪಿನ ನ್ಯಾಯ ಯುರೋಪಿನ ನ್ಯಾಯವಾಯಿತು.

ಬರಿಯ ವಿಮಾನದ ಚೀಟಿ ಕೊಂಡವನಿಗೆ ಬೇರೆ ನಿಯಮಾವಳಿ ಇದೆ. 2004ರಲ್ಲಿ ಅಂಗೀಕಾರವಾಗಿ 2005ರ ಫೆಬ್ರುವರಿ 17ರಿಂದ ಜಾರಿಗೆ ಬಂದ ಅದರ ಪ್ರಕಾರ ವಿಮಾನ ರದ್ದಾದರೆ ಅಥವಾ ಹತ್ತಲು ಬಿಡದಿದ್ದರೆ ದೂರವನ್ನು ಅನುಸರಿಸಿ 250, 400 ಅಥವಾ 600 ಯುರೋ ಪರಿಹಾರವುಂಟು. ಕಾಯುವವರಿಗೆ ಊಟ, ವಸತಿಗಳನ್ನು ಕೊಡಬೇಕು. ರೈಲು, ಹಡಗು, ಬಸ್ಸುಗಳಿಗೂ ಕ್ರಮವಾಗಿ ನಿಯಮಗಳು ಬಂದವು. 2010ರಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ಆಕಾಶಮಾರ್ಗವೇ ಮುಚ್ಚಿದಾಗಲೂ ಊಟ ವಸತಿಯ ಹೊಣೆ ತಪ್ಪದೆಂದು 2013ರಲ್ಲಿ ನ್ಯಾಯಾಲಯ ಹೇಳಿತು.

ಪ್ಯಾಕೇಜ್ ಪ್ರವಾಸಗಳ ಹಳೆಯ ನಿರ್ದೇಶನದ ಜಾಗದಲ್ಲಿ 2015ರಲ್ಲಿ ಹೊಸದು ಬಂದು, 2018ರ ಜುಲೈ 1ರಿಂದ ಜಾರಿಯಾಯಿತು. ಕಂಪ್ಯೂಟರಿನ ಮುಂದೆ ಕುಳಿತು ವಿಮಾನ, ಹೋಟೆಲುಗಳನ್ನು ಒಟ್ಟಿಗೆ ಕೊಳ್ಳುವವರೂ ಅದರ ರಕ್ಷಣೆಗೆ ಬಂದರು. ತಪ್ಪಿಸಲಾಗದ ಅಸಾಧಾರಣ ಪರಿಸ್ಥಿತಿಯಲ್ಲಿ ಪ್ರವಾಸ ರದ್ದಾದರೆ 14 ದಿನಗಳಲ್ಲಿ ಪೂರ್ತಿ ಹಣ ಹಿಂದಕ್ಕೆ ಕೊಡಬೇಕೆಂಬುದು ಅದರ ಒಂದು ಮುಖ್ಯ ನಿಯಮ.

ಈ ವ್ಯವಸ್ಥೆಗೆ ಬೇಗನೆ ಪರೀಕ್ಷೆ ಒದಗಿತು. 2019ರ ಸೆಪ್ಟೆಂಬರ್ 23ರಂದು, ಪಾನನಿಷೇಧದ ಸಭೆಯಿಂದ ಹುಟ್ಟಿದ ಥಾಮಸ್ ಕುಕ್ ಸಂಸ್ಥೆ 178 ವರ್ಷಗಳ ಬಾಳನ್ನು ಮುಗಿಸಿತು. (ಅದೇ ಹೆಸರಿನ ಭಾರತದ ಸಂಸ್ಥೆ 2012ರಿಂದಲೇ ಬೇರೆ ಒಡೆತನದಲ್ಲಿದ್ದು ಈ ಪತನಕ್ಕೆ ಸಿಲುಕಲಿಲ್ಲ.) ಆ ದಿನ ಅದರ ಸುಮಾರು 6 ಲಕ್ಷ ಗಿರಾಕಿಗಳು ಪ್ರವಾಸದಲ್ಲಿದ್ದರು. ಪತನದ ಹಿಂದಿನ ದಿನಗಳಲ್ಲಿಯೇ ಟುನೀಷಿಯಾದ ಒಂದು ಹೋಟೆಲಿನಲ್ಲಿ ಬಾಗಿಲು ಮುಚ್ಚಿ ಅತಿಥಿಗಳಿಂದ ಹಣ ಕೇಳಿದರೆಂದು ವರದಿಯಾಯಿತು. ಕ್ರೀಟಿನ ಕಥೆ ಮರುಕಳಿಸಿತು. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರವು ಎರಡು ವಾರಗಳಲ್ಲಿ ಸುಮಾರು 1 ಲಕ್ಷ 40 ಸಾವಿರ ಜನರನ್ನು ಊರಿಗೆ ತಲುಪಿಸಿತು. ಜರ್ಮನಿಯಲ್ಲಿ ಮಾತ್ರ ಮತ್ತೆ ತೊಡಕಾಯಿತು. ವಿಮಾ ಕಂಪನಿಯ ಹೊಣೆ ವರ್ಷಕ್ಕೆ 11 ಕೋಟಿ ಯುರೋ ಮೀರದಂತೆ ಮಿತಿ ಹಾಕಿಕೊಳ್ಳಲು ಅಲ್ಲಿನ ಕಾನೂನೇ ಅವಕಾಶ ಕೊಟ್ಟಿತ್ತು. ನಷ್ಟ ಅದಕ್ಕಿಂತ ಬಹಳ ಹೆಚ್ಚಾಗಿತ್ತು. ಉಳಿದುದನ್ನು ತಾನು ಭರಿಸುವುದಾಗಿ ಸರ್ಕಾರ ಅದೇ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. 2021ರಲ್ಲಿ ಕಾನೂನನ್ನು ತಿದ್ದಿ ಪ್ರವಾಸ ಭದ್ರತಾ ನಿಧಿಯನ್ನು ಸ್ಥಾಪಿಸಿತು.

2020ರ ಮಹಾಮಾರಿ ತಂದ ಪ್ರಶ್ನೆ ಇನ್ನೂ ಕಠಿನವಾದುದು. ಏಕಕಾಲಕ್ಕೆ ಎಲ್ಲರ ಪ್ರವಾಸವೂ ರದ್ದಾಯಿತು. ಎಲ್ಲರೂ ಹಣ ಕೇಳಿದರು. ಏಜೆಂಟರ ಕಷ್ಟ ಸುಳ್ಳಾಗಿರಲಿಲ್ಲ. ಅವರು ವಿಮಾನ ಕಂಪನಿಗೂ ಹೋಟೆಲಿಗೂ ಕಳುಹಿಸಿದ್ದ ಹಣ ಮರಳಿರಲಿಲ್ಲ. ಸಣ್ಣ ಸಣ್ಣ ಅಂಗಡಿಗಳಲ್ಲಿ ಸಂಬಳ ಕೊಡುವುದೇ ದುಸ್ತರವಾಗಿತ್ತು. ಫ್ರಾನ್ಸ್ ಸರ್ಕಾರ ಮಾರ್ಚಿನಲ್ಲಿ ಆದೇಶ ಹೊರಡಿಸಿ, ಹಣದ ಬದಲು 18 ತಿಂಗಳು ನಡೆಯುವ ವೋಚರ್ ಕೊಡಲು ಅವಕಾಶ ಮಾಡಿತು. ಇತರ ಹಲವು ದೇಶಗಳೂ ಆ ದಾರಿ ಹಿಡಿದವು. ಪ್ರವಾಸಿಯು ಇಚ್ಛೆಪಟ್ಟರೆ ಮಾತ್ರ ವೋಚರ್, ಬಲವಂತವಿಲ್ಲ ಎಂದು ಯುರೋಪಿಯನ್ ಆಯೋಗ ಮೇ ತಿಂಗಳಲ್ಲಿ ತಿಳಿಸಿತು. ಜುಲೈನಲ್ಲಿ ಹತ್ತು ರಾಷ್ಟ್ರಗಳ ಮೇಲೆ ಕ್ರಮವನ್ನೂ ಆರಂಭಿಸಿತು. ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತ ಒಬ್ಬ ತಂದೆಗೆ ಆ ದಿನ ಬೇಕಾಗಿದ್ದದ್ದು ಮುಂದೆಂದೋ ಸಮುದ್ರತೀರಕ್ಕೆ ಹೋಗುವ ಚೀಟಿಯಲ್ಲ. ತಾನು ಕಟ್ಟಿದ ಹಣ. ತನ್ನ ಹಕ್ಕು ಎಷ್ಟೆಂದು ಅರಿಯದೆ ವೋಚರನ್ನು ಒಪ್ಪಿದವನಿಗೂ, ಹೌದು ಅಷ್ಟೇ ಎಂದು ಅದನ್ನು ಕೊಟ್ಟವನಿಗೂ ಪೂಜ್ಯಪಾದರ ವಿವರಣೆ ಅಕ್ಷರಶಃ ಹೊಂದುತ್ತದೆ. 2023ರ ಜೂನ್ 8ರಂದು ನ್ಯಾಯಾಲಯವು ಹಿಂದಿರುಗಿಸುವುದೆಂದರೆ ಹಣವನ್ನು ಹಿಂದಿರುಗಿಸುವುದೆಂದೇ ಅರ್ಥ ಎಂದು ತೀರ್ಪಿತ್ತಿತು. ಏಜೆಂಟರ ಸಂಕಟಕ್ಕೆ ಸರ್ಕಾರ ಸಹಾಯ ಮಾಡಬಹುದು. ಅದನ್ನು ಪ್ರವಾಸಿಯ ಇಡುಗಂಟಿನಿಂದ ಮಾಡುವಂತಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಆಯೋಗವು ಹೊಸ ಪ್ರಸ್ತಾವವೊಂದನ್ನು ಮುಂದಿಟ್ಟಿತು. ಸಾಮಾನ್ಯವಾಗಿ ಮುಂಗಡವು ಬೆಲೆಯ ಶೇಕಡಾ 25ನ್ನು ಮೀರಬಾರದು, ಉಳಿದುದನ್ನು ಹೊರಡುವ 28 ದಿನಗಳಿಗಿಂತ ಮುಂಚೆ ಕೇಳಬಾರದು ಎಂಬುದು ಅದರಲ್ಲಿದ್ದ ಸಲಹೆ. ವಿಮಾನ ಮತ್ತು ಹೋಟೆಲುಗಳಿಗೆ ತಾವು ಬಹಳ ಮೊದಲೇ ಹಣ ಕಟ್ಟಬೇಕಾಗುವುದರಿಂದ ಇದು ಅಸಾಧ್ಯವೆಂದು ಪ್ರವಾಸ ಸಂಸ್ಥೆಗಳು ವಿರೋಧಿಸಿದವು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಏಕೆಂದರೆ ವಿಮಾನ ಕಂಪನಿಗಳು ಚೀಟಿಯ ಪೂರ್ತಿ ಬೆಲೆಯನ್ನು ಕೊಂಡ ದಿನವೇ ಪಡೆಯುತ್ತವೆ. ಅವು ದಿವಾಳಿಯಾದರೆ ಬಿಡಿ ಚೀಟಿ ಕೊಂಡವನ ಹಣಕ್ಕೆ ಯುರೋಪಿನ ಯಾವ ನಿಯಮಾವಳಿಯೂ ಭದ್ರತೆಯನ್ನು ಕಡ್ಡಾಯ ಮಾಡಿಲ್ಲ. ಏಜೆಂಟನ ಮೂಲಕ ಹೋಟೆಲನ್ನು ಸೇರಿಸಿ ಕೊಂಡವನು ಅದೇ ವಿಮಾನದ ಪಕ್ಕದ ಆಸನದಲ್ಲಿ ಭದ್ರತೆಯ ಪತ್ರದೊಂದಿಗೆ ಕುಳಿತಿರುತ್ತಾನೆ.